ಹಿತ್ಲ್ ನಮ್ದ್, ಮರ ಯಾರ್ದ್?

ಮಳ್ಗಾಲ ಹತ್ರ ಬಂದ್ರೆ ಸಾಕ್, ನಮ್ಮ ಹೆಂಗ್ಸ್ರ ಮಾತಲ್ಲಿ ಈ ವಿಷ್ಯ ಬಪ್ಪುದೇ. "ಮನಿ ಹಿಂದಿನ ಹೆಬ್ಬಲ್ಸಿನ ಮರ ಹಂಚಿನ ಮೇಲೆ ವಾಲಿತ್ತ್ ಮಾರಾಯ್ತಿ. ಕಡ್ಸುವ ಅಂದ್ರೆ ಫಾರೆಸ್ಟಿನವ್ರ ಹತ್ರ ಕೇಣ್ಕ್ ಅಂಬ್ರ್. ಹಿತ್ಲ್ ನಮ್ದ್, ಆರ್‌ಟಿಸಿ ನಮ್ ಹೆಸ್ರಲ್ಲಿತ್ತ್, ತೀರ್ವೆ ಕಟ್ಟುದ್ ನಾವ್. ಮರ ಮಾತ್ರ ಸರ್ಕಾರದ್ದಾ?" ಕೋಟದ ಅತ್ಗಿ ಕೇಂಬುದೂ ಇದೇ, ಬೈಂದೂರಿನ ಚಿಕ್ಕಿ ಕೇಂಬುದೂ ಇದೇ. ಬೆಂಗ್ಳೂರಲ್ಲಿ 30×40ರ ಸೈಟಲ್ಲಿ ಮನಿ ಕಟ್ಟಿಸ್ಕಂಡ ತಂಗಿ ಕೇಂಬುದೂ ಇದೇ.

ಹೌದು, ಅಲ್ಲ ಅಂದೇಳಿ ಒಂದೇ ಮಾತಲ್ಲಿ ಇದಕ್ಕೆ ಉತ್ರ ಹೇಳುಕಾತ್ತಿಲ್ಲೆ. ನಮ್ಮ ಕರಾವಳಿಯಲ್ಲಿ ಜಾಗದ ಒಡೆತನ ಬೇರೆ, ಅದರ ಮೇಲಿನ ಮರದ ಹಕ್ಕು ಬೇರೆ ಆಗಿ ಬಂದದ್ದಕ್ಕೆ ಇನ್ನೂರು ವರ್ಷದ ಕಥಿ ಇತ್ತ್. ಆ ಕಥಿ ಗೊತ್ತಿದ್ರೆ ಈಗಿನ ಕಾಯ್ದೆ ಹೆದ್ರಿಕಿ ಹುಟ್ಸುದಿಲ್ಲೆ. ಅದನ್ನೇ ಇವತ್ತ್ ನಿಮ್ಗೆ ಹೇಳುವ ಅಂತ ಕೂತಿದೆ.

ನಮ್ ಬದಿ ಮನಿ ಅಂದ್ರೆ ಬರೀ ಗ್ವಾಡಿ ಮಾಡು ಅಲ್ಲ. ಎದ್ರಿಗೆ ಅಂಗ್ಳ, ಸುತ್ತ ಹಿತ್ಲ್, ಕೆಳ್ಗೆ ಬೈಲ್ ಗದ್ದಿ, ಮೇಲ್ಗೆ ಹಾಡಿ, ಹಾಡಿ ಮೂಲಿಯಲ್ಲಿ ನಾಗ್ಬನ, ಅದರ ಬದಿಗೆ ಹಾಯ್ಗುಳಿ ಕಲ್ಲ್. ಒಂದೊಂದ್ ಜಾಗದ ಮರಕ್ಕೂ ಒಂದೊಂದ್ ಕಟ್ಟಳೆ ಇದ್ದಿತ್ತ್. ಹಿತ್ಲಿನ ಹಲ್ಸ್, ಮಾವು, ಹುಣ್ಸಿ ಮನಿಯವರದ್ದ್. ಹಾಡಿಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ರ ಗದ್ದಿಗೆ. ಬನದ್ದಾರೆ ಬಿದ್ದ ಕಡ್ಡಿ ಸೈತ ಒಲಿಗ್ ಹಾಕುಕಾಗ. ಇದನ್ನೆಲ್ಲ ಯಾರೂ ಕಾಗ್ದದ ಮೇಲೆ ಬರ್ದ್ ಇಟ್ಟದ್ದಲ್ಲ. ಆರೆ ಬನದ ಮರಕ್ಕೆ ಕತ್ತಿ ಹಾಕುಕೆ ಊರಿನ ದೊಡ್ಡ ಗುತ್ತಿಗೆದಾರನೂ ಅಂಜ್ತಿದ್ದ.

ಈ ಹಾಡಿಗೆ ದಿನಾ ಹೋಯಿ ಬಪ್ಪುದ್ ಯಾರ್? ಹೆಂಗ್ಸ್ರೇ. ಬೆಳಗಾತ ಎದ್ದ್ ಸೊಪ್ಪಿನ ಹೊರೆ, ಬೇಸ್ಗಿಯಲ್ಲಿ ಗುಡ್ಸಿ ತಪ್ಪ ತರಗೆಲಿ, ಬಚ್ಚಲೊಲಿಗೆ ಒಣ ಕಟ್ಗಿ, ಮುರ್ಗಲ ಹಣ್ಣ್, ಚಾಪಿ ಹೆಣೂಕೆ ಮುಂಡ್ಗಿ ಓಲಿ. ಯಾವ ಮರ ಎಲ್ಲಿತ್ತ್, ಯಾವುದ್ರ ಟೊಂಗೆ ಈ ವರ್ಷ ಸವರ್ಲಕ್, ಯಾವುದನ್ನ ಬಿಡ್ಕ್ ಅಂಬುದ್ ನಮ್ಮ ಅಮ್ಮಮ್ಮಂದಿರಿಗೆ ಬಾಯಿಪಾಠ. ಟೊಂಗೆ ಸವರಿದ್ರೆ ಮತ್ತೆ ಚಿಗುರತ್ತ್, ಬುಡ ಕಡ್ದ್ರೆ ಮುಗೀತ್. ಆರೆ ಮುಂದೆ ಬಂದ ಕಾನೂನಿನ ಪುಸ್ತಕದಲ್ಲಿ ಇವರ ಹೆಸ್ರ್ ಎಲ್ಲೂ ಇಲ್ಲೆ. ಅಲ್ಲಿಪ್ಪುದ್ ವರ್ಗದಾರ, ಗೇಣಿದಾರ, ಕಲೆಕ್ಟರ್, ಕನ್ಸರ್ವೇಟರ್.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂತ್. ಮೊದಲ ಕಲೆಕ್ಟರಾಗಿ ಬಂದವ ಥಾಮಸ್ ಮನ್ರೋ. ಅವ ಊರೂರು ತಿರ್ಗಿ ಲೆಕ್ಕ ಕಂಡಾಗ ಗೊತ್ತಾದದ್ದ್, ಇಲ್ಲಿನ ಜಾಗ ಅರಸಂದಲ್ಲ, ಖಾಸಗಿಯವರದ್ದ್ ಅಂದೇಳಿ. ಜನ ಜಾಗ ಮಾರ್ತಿದ್ರ್, ಕೊಳ್ತಿದ್ರ್, ಅಡವು ಇಡ್ತಿದ್ರ್, ಮಕ್ಕಳಿಗೋ ಅಳಿಯಂದಿರಿಗೋ ಬಿಟ್ಟ್ ಹೋತಿದ್ರ್. ಹೀಂಗೆ ತೀರ್ವೆ ಕಟ್ಟುವ ಆಸ್ತಿಗೆ 'ವರ್ಗ' ಅಂತ ಹೆಸ್ರ್, ಅದರ ಒಡೆಯ ವರ್ಗದಾರ. ಅವನ ಕೆಳ್ಗೆ ಮೂಲಗೇಣಿಯವ, ಚಾಲಗೇಣಿಯವ. ಸರ್ಕಾರಕ್ಕೆ ಸಲ್ಲುದ್ ತೀರ್ವೆ, ಜಾಗ ವರ್ಗದಾರಂದ್. "ಹಿತ್ಲ್ ನಮ್ದ್" ಅಂಬ ನಮ್ಮ ಮಾತಿಗೆ ಬರವಣಿಗೆಯ ಬುಡ ಇಲ್ಲಿತ್ತ್.

ಆರೆ "ಮರ ಯಾರ್ದ್" ಅಂಬ ಪ್ರಶ್ನೆಯೂ ಹೆಚ್ಚ್ ತಡ ಮಾಡ್ಲಿಲ್ಲೆ. ಆಗ ಇಂಗ್ಲೆಂಡ್ ನೆಪೋಲಿಯನ್ನಿನ ಸಂಗ್ತಿಗೆ ಯುದ್ಧದಲ್ಲಿದ್ದಿತ್ತ್. ಯುದ್ಧದ ಹಡಗಿಗೆ ಮರ ಬೇಕ್, ಅಲ್ಲಿನ ಓಕ್ ಮರ ಸಾಲ್ತಿಲ್ಲೆ. ನಮ್ಮ ಪಡು ಕರಾವಳಿಯ ತೇಗದ ಮೇಲೆ ಅವರ ಕಣ್ಣ್ ಬಿತ್ತ್. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಅಂಬವನನ್ನ ಅರಣ್ಯ ಸಂರಕ್ಷಕ ಅಂದೇಳಿ ನೇಮಿಸಿದ್ರ್. ನಮ್ಮ ತೆಂಕ್ ಬದಿಯ ಮಲಬಾರಿನಲ್ಲಿ ಅವ ಮಾಡಿದ್ ಎಂತ ಕೇಣಿ: ತೇಗ ಎಲ್ಲಿ ಬೆಳ್ದ್ರೂ, ಯಾರ ಜಾಗದಲ್ಲಿ ಬೆಳ್ದ್ರೂ ಅದು ಕಂಪೆನಿಗೆ ಸೇರಿದ್ದ್, ಒಡೆಯನೇ ಕಡೂಕಾಗ, ಮಾರೂಕಾಗ. ಸೌದಿಗೂ ತಕರಾರ್ ಶುರುವಾಯ್ತ್. ಜಾಗದವರು, ಮರದ ವ್ಯಾಪಾರಿಗಳು, ರೈತರು ಎಲ್ಲ ಸೇರಿ ಬೊಬ್ಬೆ ಹೊಡ್ದ್ರ್. ಕಡೆಗೆ 1823ರಲ್ಲಿ ಆ ಹುದ್ದೆಯನ್ನೇ ತೆಗ್ದ್ ಹಾಕಿದ್ರ್. ತೆಗೆದ ಹೊತ್ತಿಗೆ ಮದ್ರಾಸಿನ ಗವರ್ನರ್ ಯಾರ್ ಗೊತ್ತಿತ್ತಾ? ಕೆನರಾದಲ್ಲಿ ಜಾಗ ಖಾಸಗಿಯವರದ್ದ್ ಅಂತ ಹೇಳಿದ ಅದೇ ಮನ್ರೋ.

ಖಾಸಗಿ ಜಾಗದ ಮರಕ್ಕೆ ಸರ್ಕಾರ ಕೈ ಹಾಕಿದ ದೊಡ್ಡ ಪ್ರಯತ್ನ ಇದ್, ಮರ ಉಳಿಸೂಕೆ ಅಲ್ಲ, ಮರ ತಕಂಡ್ ಹೋಪೂಕೆ. 'ಸಂರಕ್ಷಣೆ' ಅಂಬ ಶಬ್ದ ಕೇಂಡ್ರೆ ಹಳೇ ಜನ ಒಂಚೂರ್ ಅನುಮಾನ ಪಡುದಿದ್ರೆ, ಅದಕ್ಕೆ ಕಾರಣ ಇಲ್ಲೆ ಅಂತ ಹೇಳುಕಾತ್ತಿಲ್ಲೆ.

ಇಲ್ಲಿ ನಮ್ಮ ತಾಲೂಕಿನ ಒಂದ್ ವಿಶೇಷ ಹೇಳ್ಕ್. 1862ರಲ್ಲಿ ಕೆನರಾ ಎರಡಾಗಿ ಉತ್ತರದ ಭಾಗ ಬೊಂಬಾಯಿ ಪ್ರಾಂತ್ಯಕ್ಕೆ ಹೋಯ್ತ್. ಕುಂದಾಪ್ರ ತಾಲೂಕು ಮಾತ್ರ ಮದ್ರಾಸಿನಲ್ಲೇ ಉಳ್ದ್ ದಕ್ಷಿಣ ಕನ್ನಡಕ್ಕೆ ಸೇರ್ತ್. ಬೈಂದೂರು ಆಗ ಬೇರೆ ತಾಲೂಕಲ್ಲ, ಕುಂದಾಪ್ರಕ್ಕೇ ಸೇರಿದ್ದ್. ಹಾಂಗಾಗಿ ಶಿರೂರು ದಾಟಿ ಭಟ್ಕಳದ ಬದಿಗೆ ಕಾಲಿಟ್ರೆ ಬೊಂಬಾಯಿ ಕಾನೂನು, ಇತ್ಲಾಗೆ ಮದ್ರಾಸ್ ಕಾನೂನು. ಮಾತ್ ಒಂದೇ, ನಂಟಸ್ತಿಕೆ ಒಂದೇ, ಮರದ ಕಟ್ಟಳೆ ಮಾತ್ರ ಬೇರೆ. ಉತ್ತರ ಕನ್ನಡದ ತೋಟದವರಿಗೆ 'ಸೊಪ್ಪಿನ ಬೆಟ್ಟ' ಅಂಬ ಹಕ್ಕು, ಕೊಡಗಿನವರಿಗೆ 'ಬಾಣೆ', ನಮ್ಗೆ 'ಕುಮ್ಕಿ'.

ಕುಮ್ಕಿ ಅಂಬ ಶಬ್ದ ಕೇಣದವ್ರ್ ನಮ್ಮಲ್ಲಿ ಯಾರೂ ಇಲ್ಲೆ. ಪಾಲಿನ ಮಾತ್ ಬಂದಲ್ಲೆಲ್ಲ "ವರ್ಗ ಇಷ್ಟ್, ಕುಮ್ಕಿ ಇಷ್ಟ್" ಅಂಬುದ್ ಇದ್ದದ್ದೇ. ಅದರ ಅರ್ಥ ಇಷ್ಟ್: ಹಳೇ ವರ್ಗದ ಸಾಗುವಳಿ ಜಾಗದ ಗಡಿಯಿಂದ 100 ಗಜದ ಒಳ್ಗಿಪ್ಪ ಸರ್ಕಾರಿ ಪಾಳು ಜಾಗದಲ್ಲಿ ವರ್ಗದಾರನಿಗೆ ಕೆಲವು ಸವಲತ್ತು. ದನ ಮೇಯಿಸ್ಲಕ್, ಗೊಬ್ರಕ್ಕೆ ಸೊಪ್ಪು ತಪ್ಪುಲಕ್, ಬೇಸಾಯಕ್ಕೂ ಮನಿ ಬಳಕೆಗೂ ಬೇಕಾದ ಸೌದಿ, ಮರ ತಕಂಬುಲಕ್. ಆರೆ ಜಾಗ ಅವಂದಲ್ಲ, ಸರ್ಕಾರದ್ದೇ. ಮುಂದೆ 1964ರ ಭೂ ಕಂದಾಯ ಕಾಯ್ದೆಯ 79ನೇ ಕಲಮಿನಲ್ಲೂ ಕುಮ್ಕಿ, ಬಾಣೆ, ಬೆಟ್ಟ, ಹಾಡಿ ಇವುಗಳ ಸವಲತ್ತನ್ನ ಉಳಿಸಿಕೊಂಡ್ರ್.

ಈ ಕುಮ್ಕಿಯನ್ನ ಒಂಚೂರ್ ನಿಂತ್ ಕಾಣಿ. ಒಡೆತನ ಇಲ್ಲೆ, ಬಳಕೆ ಇತ್ತ್. ಕಡ್ದ್ ಮಾರೂಕೆ ಹಕ್ಕಿಲ್ಲೆ, ಸವರಿ ತಪ್ಪುಕೆ ಹಕ್ಕಿತ್ತ್. ಗದ್ದಿಗೆ ಸೊಪ್ಪು ಬೇಕಾರೆ ಹಾಡಿಯಲ್ಲಿ ಮರ ಇಪ್ಕ್, ಅಷ್ಟೇ ಲೆಕ್ಕ. ನಮ್ಮ ಬದಿ ಹಳೇ ಮನಿಗಳ ಹಿಂದೆ ಹಾಡಿ ಉಳ್ದದ್ದಕ್ಕೆ ಈ ಲೆಕ್ಕವೂ ಒಂದ್ ಕಾರಣ ಅಂತ ನಾನ್ ನಂಬ್ತೆ. ಯೂರಿಯಾ ಚೀಲ ಬಂದ್, ಗ್ಯಾಸ್ ಸಿಲಿಂಡರ್ ಬಂದ್, ಹಟ್ಟಿಯ ದನ ಹೋದ ಮೇಲೆ ಹಾಡಿಯ ಕಡೆಗೆ ಯಾರೂ ಮೊಖ ಹಾಕುದಿಲ್ಲೆ. ಹೋಪವ್ರಿಲ್ಲದ ಹಾಡಿಯಲ್ಲಿ ಮರ ಕಮ್ಮಿ ಆದ್ರೂ ಗೊತ್ತಾತ್ತಿಲ್ಲೆ.

ಬ್ರಿಟಿಷರ ಕಾಲದಲ್ಲಿ 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂತ್. ಅದರ ಕಣ್ಣ್ ಹೆಚ್ಚಾಗಿ ಸರ್ಕಾರಿ ಕಾಡಿನ ಮೇಲೆ. ಘಟ್ಟದ ಬುಡದ ಕಾಡೆಲ್ಲ ರಿಸರ್ವ್ ಆಯ್ತ್. ಖಾಸಗಿಯವರ ಕೈಯಲ್ಲಿದ್ದ ಹಾಡಿ, ಕಾಡಿನ ಕಥಿ ಬೇರೆ. ಮಂಗ್ಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯ ಹೊಳೆ ಬದಿಯಲ್ಲೆಲ್ಲ ಅಂಥದ್ದೇ ಕಾರ್ಖಾನೆ ಎದ್ದ್ವ್. ಕುಂದಾಪ್ರದಲ್ಲೂ ಆದ್ವ್. ಹಂಚು ಸುಡೂಕೆ ಬೇಕಾದದ್ದ್ ಸೌದಿ. ಮುಳಿ ಹುಲ್ಲಿನ ಮಾಡು ಹೋಯಿ ಹಂಚಿನ ಮಾಡು ಬಂದದ್ದ್ ನಮ್ಗೆಲ್ಲ ಖುಷಿಯೇ, ಆರೆ ಒಂದೊಂದ್ ಹಂಚಿನ ಹಿಂದೆಯೂ ಸುಟ್ಟ ಮರ ಇತ್ತ್.

ಖಾಸಗಿ ಕಾಡಿಗೆ ನಮ್ಮ ಜಿಲ್ಲೆಯಲ್ಲಿ ನೇರವಾಗಿ ಬೇಲಿ ಹಾಕಿದ್ದ್ 1949ರ ಮದ್ರಾಸ್ ಖಾಸಗಿ ಅರಣ್ಯ ಸಂರಕ್ಷಣಾ ಕಾಯ್ದೆ. ಮಲಬಾರು ಮತ್ತ್ ದಕ್ಷಿಣ ಕನ್ನಡದಲ್ಲಿ ಒಂದೇ ಪಟ್ಟಾಗಿ 100 ಎಕ್ರೆಗಿಂತ ಹೆಚ್ಚಿಪ್ಪ ಖಾಸಗಿ ಕಾಡಿಗೆ ಅದು ಅನ್ವಯ. ಕಲೆಕ್ಟರ ಅನುಮತಿ ಇಲ್ಲದೆ ಒಡೆಯ ಆ ಕಾಡನ್ನ ಮಾರೂಕಾಗ, ಮರ ಕಡೂಕಾಗ. ಸ್ವಾತಂತ್ರ್ಯ ಬಂದ್ ಜಮೀನ್ದಾರಿ ಹೋತ್ತ್ ಅಂಬ ಸುದ್ದಿ ಹಬ್ಬಿದ ಹೊತ್ತದು. ಜಾಗ ಕೈ ತಪ್ಪುವ ಮೊದ್ಲ್ ಮರವನ್ನಾರೂ ದುಡ್ಡ್ ಮಾಡ್ಕಂಬ ಅಂದೇಳಿ ದೊಡ್ಡ ದೊಡ್ಡ ಒಡೆಯರು ಕೊಡ್ಲಿ ಹಾಕ್ಸೂಕೆ ಶುರು ಮಾಡಿದ್ರ್. ಈ ಕಾಯ್ದೆಯಲ್ಲಿ ನಂಗೆ ಹಿಡ್ಸಿದ ಒಂದ್ ಸಂಗ್ತಿ ಇತ್ತ್. ಮರ ಉಳಿಸುದರ ಒಟ್ಟಿಗೇ, ಆ ಕಾಡಲ್ಲಿ ಜನರಿಗೆ ರೂಢಿಯಿಂದ ಬಂದ ಹಕ್ಕನ್ನೂ ಕಾಪಾಡ್ಕ್ ಅಂತ ಅದರ ಉದ್ದೇಶದಲ್ಲೇ ಬರ್ದಿತ್ತ್. ಸೊಪ್ಪಿನ ಹೊರೆಯವ್ರನ್ನ ಕಾನೂನು ನೆನ್ಪ್ ಮಾಡ್ಕಂಡದ್ದ್ ಅಪರೂಪಕ್ಕೆ.

ಅದೇ 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆಯೂ ಬಂತ್. ಕವರು ಕವರಾಗಿ ಪಾಲು ಕೇಂಬ ದಾರಿ ತೆರೀತ್. ಒಂದೇ ಹಾಡಿಯಾಗಿದ್ದದ್ದ್ ಪಾಲಿನಲ್ಲಿ ನಾಕೈದ್ ತುಂಡಾದ್ರೆ, ಒಂದ್ ತುಂಡಿನವ ಮರ ಮಾರ್ದ, ಇನ್ನೊಂದ್ ತುಂಡಿನವ್ಳ್ ಉಳಿಸ್ಕಂಡ್ಲ್. 100 ಎಕ್ರೆಯ ಕಾಯ್ದೆ ಸಣ್ಣ ತುಂಡಿಗೆ ತಾಗುದಿಲ್ಲೆ.

1956ರ ನವೆಂಬರ್ 1ಕ್ಕೆ ನಾವ್ ಮದ್ರಾಸ್ ಬಿಟ್ಟ್ ಮೈಸೂರು ರಾಜ್ಯಕ್ಕೆ ಸೇರ್ದೊ. 1974ರ ಮಾರ್ಚ್ 1ರಿಂದ ಉಳುವವನೇ ಒಡೆಯ. "ಡಿಕ್ಲರೇಶನ್ ಹಾಕಿ ಸಿಕ್ಕಿದ ಜಾಗ" ಅಂದ್ರೆ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಅರ್ಥ ಆತ್ತ್. ಸಾವಿರಾರು ಮನಿಗಳು ಗೇಣಿಯಿಂದ ಬಿಡುಗಡೆ ಆದ್ವ್. ತಲತಲಾಂತರ ನೀರು ಹೊಯ್ದ್ ಬೆಳ್ಸಿದ ತೆಂಗಿನ ಕಾಯಿ ಒಡೆಯರ ಮನಿಗೆ ಹೊತ್ತ್ ಹಾಕ್ತಿದ್ದ ಹೆಂಗ್ಸ್ರ್, ಆ ಮರ ತಮ್ಮದೇ ಅಂತ ಮೊದ್ಲ ಸಲ ಹೇಳಿದ್ದ್ ಆವಾಗ.

ಹಾಂಗೆ ಮರ ಸಿಕ್ಕಿ ಎರಡೇ ವರ್ಷ. 1976ರಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂತ್. ದೇವರಾಜ ಅರಸು ಮುಖ್ಯಮಂತ್ರಿ, ದೇಶದಲ್ಲಿ ತುರ್ತು ಪರಿಸ್ಥಿತಿ. ಹಿಂದಿನ ವರ್ಷವೇ ಮಹಾರಾಷ್ಟ್ರ ತನ್ನ ಪ್ಯಾಟಿಗಳ ಮರಕ್ಕೆ ಅಂಥದ್ದೇ ಕಾಯ್ದೆ ಮಾಡಿತ್ತ್. ಇಂಗ್ಲೆಂಡಿನಲ್ಲಿ 1947ರ ನಗರ ಯೋಜನಾ ಕಾಯ್ದೆಯಿಂದಲೇ ಖಾಸಗಿ ಹಿತ್ಲಿನ ಮರಕ್ಕೂ ರಕ್ಷಣೆಯ ಆದೇಶ ಹೊರಡಿಸುವ ಕ್ರಮ ಇತ್ತ್. ಅಲ್ಲಿ ಒಂದೊಂದ್ ಮರವನ್ನ, ಇಲ್ಲ ಒಂದ್ ಮರದ ಗುಂಪನ್ನ ಹೆಸರಿಸಿ ಆದೇಶ ಮಾಡ್ತ್ರ್. ನಮ್ಮದ್ರಲ್ಲಿ ಎಲ್ಲ ಮರವೂ ಕಾಯ್ದೆಯ ಒಳ್ಗೆ, ಬಿಟ್ಟದ್ದರ ಪಟ್ಟಿ ಮಾತ್ರ ಬೇರೆ.

ಕಾಯ್ದೆಯ 8ನೇ ಕಲಮಿನ ಸಾರ ಇಷ್ಟೇ: ಪ್ಯಾಟಿಯಲ್ಲಿರ್ಲಿ ಹಳ್ಳಿಯಲ್ಲಿರ್ಲಿ, ಸ್ವಂತ ಜಾಗ ಇರ್ಲಿ ಬೇರೆಯವರದ್ದಿರ್ಲಿ, ಯಾವ ರೂಢಿ ಪದ್ಧತಿ ಇದ್ರೂ ಸೈ, ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಮರ ಕಡೂಕಾಗ. ವೃಕ್ಷ ಅಧಿಕಾರಿ ಅಂದ್ರೆ ಅರಣ್ಯ ಇಲಾಖೆಯ ಅಧಿಕಾರಿಯೇ. ಬೆಂಗ್ಳೂರಿನ ತಂಗಿಯ ಸೈಟಿನ ಮರಕ್ಕೂ ಕುಂದಾಪ್ರದ ಹಿತ್ಲಿನ ಹೆಬ್ಬಲ್ಸಿಗೂ ಇದೇ ಕಾಯ್ದೆ.

'ಕಡೂದು' ಅಂದ್ರೆ ಎಂತ ಅಂತಲೂ ಕಾಯ್ದೆಯಲ್ಲಿತ್ತ್. ಬುಡ ಕಡೂದು ಮಾತ್ರ ಅಲ್ಲ. ಬೇರು ಸಮೇತ ಕೀಳುದು, ಜೆಸಿಬಿ ಹಾಕಿ ದೂಡುದು, ಟೊಂಗೆ ಸವರುದು, ತಲೆ ಬೋಳ್ಸುದು, ಸುತ್ತ ತೊಗಟೆ ಕೆತ್ತುದು, ಬುಡಕ್ಕೆ ಮದ್ದ್ ಹೊಯ್ದ್ ಒಣಗ್ಸುದು, ಬೆಂಕಿ ಕೊಡುದು, ಎಲ್ಲವೂ ಕಡೂದೇ. "ನಾವ್ ಕಡೀಲಿಲ್ಲೆ, ಅದೇ ಒಣಗ್ತ್" ಅಂದೇಳಿ ಬುಡಕ್ಕೆ ಆಸಿಡ್ ಹೊಯ್ವ ಬುದ್ಧಿವಂತರಿದ್ರಲ್ದಾ, ಅವರಿಗೆ ಕಾಯ್ದೆ ಬರ್ದವ್ರ್ ಮೊದ್ಲೇ ಉತ್ರ ಬರ್ದಿಟ್ಟಿರ್.

ಅನುಮತಿ ಯಾವಾಗ ಸಿಕ್ಕತ್ತ್? ಮರ ಸತ್ತದ್ದ್, ರೋಗ ಬಂದದ್ದ್, ಗಾಳಿಗೆ ಬಿದ್ದದ್ದ್ ಆದ್ರೆ. ಬೆಳ್ದ್ ಬಲ್ತ ಮರ ಆದ್ರೆ, ಆರೆ ಕಡಿದಾದ ಇಳಿಜಾರಲ್ಲಿ ಇರುಕಾಗ. ಜೀವಕ್ಕೆ, ಆಸ್ತಿಗೆ ಅಪಾಯ ಇದ್ರೆ. ಓಡಾಟಕ್ಕೆ ಅಡ್ಡ ಆದ್ರೆ. ಬೆಂಕಿ, ಸಿಡ್ಲ್, ಮಳಿಗೆ ಹಾಳಾದದ್ದ್ ಆದ್ರೆ. ಹಳ್ಳಿಯಲ್ಲಾದ್ರೆ ಇನ್ನೊಂದ್ ಕಾರಣವೂ ಇತ್ತ್: ಸೌದಿಗೆ, ಮೇವಿಗೆ, ಬೇಸಾಯದ ಸಾಮಾನಿಗೆ, ಮನಿ ಬಳಕೆಗೆ. ಇದನ್ನ ಓದುವತಿಗೆ ನಂಗೆ ಕುಮ್ಕಿಯ 100 ಗಜ ನೆನ್ಪಾಯ್ತ್. ಒಂದ್ ಕಾಲದಲ್ಲಿ ಹಕ್ಕಾಗಿದ್ದ ಅದೇ ನಾಕ್ ಮಾತ್ ಇಲ್ಲಿ ಅರ್ಜಿಯಲ್ಲಿ ಬರಿಬೇಕಾದ ಕಾರಣ ಆಗಿ ಕೂತಿತ್ತ್.

ಹಂಚಿನ ಮೇಲೆ ವಾಲಿದ ಮರದ ಚಿಂತೆಯವ್ರ್ ಇದನ್ನ ಗಟ್ಟಿ ನೆನ್ಪಿಡ್ಕ್. ಈಗಳೇ ಕಡೀದಿದ್ರೆ ಜೀವಕ್ಕೋ ಆಸ್ತಿಗೋ ದೊಡ್ಡ ಅಪಾಯ ಅಂತ ಇದ್ರೆ, ಜಾಗದವರು ಕಡ್ದ್ 24 ಗಂಟೆಯ ಒಳ್ಗೆ ಅಧಿಕಾರಿಗೆ ತಿಳಿಸ್ಲಕ್. ಕಡೂಕೆ ಮೊದ್ಲ್ ಮೊಬೈಲಲ್ಲಿ ನಾಕ್ ದಿಕ್ಕಿನ ಪಟ ತೆಗ್ದಿಟ್ಕಣಿ. ಅಪಾಯ ಇದ್ದದ್ದ್ ಹೌದು ಅಂತ ತೋರ್ಸೂಕೆ ಮತ್ತೆ ಮರ ಇಪ್ಪುದಿಲ್ಲೆ ಕಾಣಿ.

ಬಿಟ್ಟದ್ದರ ಪಟ್ಟಿಯಲ್ಲಿ ತೆಂಗು, ಗಾಳಿ ಮರ, ನೀಲಗಿರಿ, ರಬ್ಬರ್, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ ಮೊದ್ಲಿಂದ ಇತ್ತ್. 2015ರ ತಿದ್ದುಪಡಿಯಲ್ಲಿ ಇನ್ನಷ್ಟ್ ಜಾತಿ ಸೇರ್ತ್. ಇದ್ರಿಂದ ಬೆಳೆಗಾರರಿಗೆ ಅನುಕೂಲ ಆದದ್ದ್ ಹೌದು. ಆರೆ ಕಡೂಕೆ ಸಲೀಸಾದ ಮರವನ್ನೇ ಜನ ನೆಡ್ತ್ರ್. ಬೀಟಿ, ಮತ್ತಿ, ಹೆಬ್ಬಲ್ಸ್, ಸುರ್ಗಿ ಪಟ್ಟಿಯ ಹೊರಗೆ ಉಳ್ದ್ವ್. ಅವುಗಳಿಗೆ ರಕ್ಷಣೆ ಹೆಚ್ಚ್, ನೆಡುವವ್ರ್ ಕಮ್ಮಿ.

ನಂಗೆ ಕಾಂಬುದ್, ಈ ಕಥಿಯ ಗಂಟು ಇಪ್ಪುದೇ ಇಲ್ಲಿ. "ಹಿತ್ಲಲ್ಲಿ ಕಾಡು ಜಾತಿ ಸಸಿ ಎದ್ರೆ ಸಣ್ಣತಿಗೇ ಕಿತ್ತ್ ಬಿಸಾಡ್ಕ್, ದೊಡ್ಡದಾದ್ರೆ ಸರ್ಕಾರದ್ದಾತ್ತ್" ಅಂಬ ಮಾತ್ ನೀವೂ ಕೇಂಡಿರ್ತ್ರಿ. ಹೇಳುವವ್ರ್ ಕೆಟ್ಟವರಲ್ಲ, ಮರದ ವೈರಿಗಳೂ ಅಲ್ಲ. ಹೆದ್ರಿಕಿಗೆ ಹೇಳ್ತ್ರ್. ದೊಡ್ಡ ಮರವನ್ನ ಉಳಿಸೂಕೆ ಮಾಡಿದ ಕಾಯ್ದೆಯ ಹೆದ್ರಿಕಿಗೆ ಸಣ್ಣ ಸಸಿ ಸಾಯ್ತ್. ಈ ಹೆದ್ರಿಕಿಯ ಬೇರು ಗಂಧದ ಮರದಲ್ಲಿತ್ತ್.

ಮೈಸೂರಿನಲ್ಲಿ ಟಿಪ್ಪುವಿನ ಕಾಲದಲ್ಲಿ, 1792ರಲ್ಲಿ, ಗಂಧ ರಾಜವೃಕ್ಷ ಆಯ್ತ್. ಯಾರ ಜಾಗದಲ್ಲಿ ಹುಟ್ಟಿದ್ರೂ ಮರ ಅರಸಂದ್. ಅರಸ ಹೋದ್ರೂ, ಕಂಪೆನಿ ಹೋದ್ರೂ, ಸ್ವಾತಂತ್ರ್ಯ ಬಂದ್ರೂ ಆ ಕಟ್ಟಳೆಯ ನೆರಳು ಹೋಗ್ಲಿಲ್ಲೆ. ಹಿತ್ಲಲ್ಲಿ ಹಕ್ಕಿ ತಂದ್ ಹಾಕಿದ ಬೀಜ ಮೊಳ್ತ್ ಗಂಧ ಆದ್ರೆ ಕಾಯುವ ಕೆಲ್ಸ ಜಾಗದವರದ್ದ್, ಕದ್ದ್ ಹೋದ್ರೆ ವಿಚಾರಣೆಯೂ ಜಾಗದವರ ಮೇಲೆ. ಇಂಥಾ ಗಿಡ ಯಾರ್ ಬೆಳ್ಸ್ತ್ರ್? ಗೊತ್ತಿದ್ದವ್ರ್ ಎರಡ್ ಎಲಿ ಇಪ್ಪತಿಗೇ ಕಿತ್ತ್ ತೆಗ್ದ್ರ್. ಗಂಧದ ನಾಡು ಅಂತ ಹೆಸ್ರ್ ಹೊತ್ತ ರಾಜ್ಯದಲ್ಲಿ ಗಂಧ ಅಪರೂಪ ಆಯ್ತ್. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದ್, ಜಾಗದಲ್ಲಿ ಬೆಳ್ದ ಗಂಧಕ್ಕೆ ಜಾಗದವನೇ ಹಕ್ಕುದಾರ ಅಂತ ಮಾಡಿದ್ರ್. ಕಡೂಕೆ ಅನುಮತಿ ಈಗಳೂ ಬೇಕ್. ಆರೂ ಒಡೆತನ ಸಿಕ್ಕಿದ ಮೇಲೆ ಜನ ಗಂಧದ ಸಸಿ ದುಡ್ಡ್ ಕೊಟ್ಟ್ ತಂದ್ ನೆಡೂಕೆ ಶುರು ಮಾಡಿದ್ರ್. ಇನ್ನೂರು ವರ್ಷ ಕಾವಲು ಹಾಕಿ ಆಗದ ಕೆಲ್ಸಕ್ಕೆ "ಮರ ನಿಮ್ದೇ" ಅಂಬ ಮಾತ್ ದಾರಿ ಮಾಡ್ತ್.

ಹಾಂಗಂತ ಕಾಯ್ದೆಯೇ ಬ್ಯಾಡ ಅಂತ ನಾನ್ ಹೇಳುದಿಲ್ಲೆ. ಕಾಯ್ದೆ ಇಲ್ದಿದ್ರೆ ಎಂತ ಆತ್ತ್ ಅಂತ 1949ರ ಮೊದ್ಲ್ ಕಂಡಾಗಿತ್ತ್. ಸೈಟ್ ಮಾಡುವವ್ರ್ ಗುಡ್ಡಿ ಸಮ ಮಾಡುವತಿಗೆ ನಲ್ವತ್ತ್ ಐವತ್ತ್ ವರ್ಷದ ಮರ ಒಂದ್ ಬೆಳಗಿನಲ್ಲಿ ಮಲಗತ್ತ್. ಅವರ ಹತ್ರ "ಪರ್ಮಿಶನ್ ಇತ್ತಾ?" ಅಂತ ಕೇಂಬೂಕೆ ನಮ್ಮ ಕೈಯಲ್ಲಿಪ್ಪ ಒಂದೇ ಕೋಲು ಈ ಕಾಯ್ದೆ. ನಾವ್ ಒಂದ್ ಮರಕ್ಕೆ ಕಚೇರಿಗೆ ಹೋಯ್ಕಾರೆ ಅವರೂ ನೂರ್ ಮರಕ್ಕೆ ಹೋಯ್ಕ್.

ಇನ್ನೊಂದ್ ಶಬ್ದ ನಮ್ಮ ಬದಿ ನಿದ್ದಿ ಕೆಡ್ಸಿದ್ದ್, 'ಡೀಮ್ಡ್ ಫಾರೆಸ್ಟ್'. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ ಹೇಳ್ತ್: ಕಾಡು ಅಂದ್ರೆ ನಿಘಂಟಿನ ಅರ್ಥದ ಕಾಡು, ಮತ್ತ್ ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ಇದ್ರೆ ಒಡೆತನ ಯಾರದ್ದೇ ಇರ್ಲಿ ಅದೂ ಕಾಡು. ಅದಕ್ಕೆ ಸರಿಯಾಗಿ ಕರ್ನಾಟಕ 9.94 ಲಕ್ಷ ಹೆಕ್ಟೇರಿನ ಪಟ್ಟಿ ಮಾಡ್ತ್. ಅದ್ರಲ್ಲಿ ಜನ ಮನಿ ಕಟ್ಟಿ ಕೂತ ಜಾಗವೂ ಸೇರಿತ್ತ್. ಹಕ್ಕುಪತ್ರ ಕೇಂಡ್ರೆ "ಡೀಮ್ಡ್ ಬತ್ತ್" ಅಂಬ ಉತ್ರ. 2022ರಲ್ಲಿ ಸರ್ಕಾರ ಪಟ್ಟಿಯನ್ನ 3.30 ಲಕ್ಷ ಹೆಕ್ಟೇರಿಗೆ ಇಳ್ಸ್ತ್. ಕೆಲವ್ರಿಗೆ ಉಸಿರು ಬಂತ್. ಆರೆ ಪಟ್ಟಿಯಿಂದ ಹೊರಗೆ ಬಂದ ಹಾಡಿಯ ಮರಕ್ಕೆ ಮುಂದೆ ಎಂತ ಅಂಬ ಪ್ರಶ್ನೆ ಹಾಂಗೇ ಇತ್ತ್. ಜನ ಹೋಯಿ ಬಪ್ಪುದ್ ಬಿಟ್ಟ ಹಾಡಿಗೆ ಕಾಗ್ದ ಒಂದೇ ಕಾವಲು, ಆ ಕಾಗ್ದ ಒಂದ್ ಆದೇಶದಲ್ಲಿ ಬದ್ಲತ್ತ್.

ಹಾಂಗಾರೆ ಅತ್ಗಿಗೂ ಚಿಕ್ಕಿಗೂ ನಾನ್ ಹೇಳುದೆಂತ? ಮರ ನಿಮ್ದೇ. ಹಣ್ಣ್ ನಿಮ್ದ್, ನೆರಳು ನಿಮ್ದ್, ಅನುಮತಿ ತಕಂಡ್ ಕಡ್ದ್ರೆ ಮರದ ದುಡ್ಡೂ ನಿಮ್ದ್. ಕಡೂವ ತೀರ್ಮಾನ ಮಾತ್ರ ನಿಮ್ಮ ಒಬ್ಬರದ್ದಲ್ಲ. ಸಸಿ ದೊಡ್ಡದಾದ್ರೆ ಸರ್ಕಾರದ್ದಾತ್ತ್ ಅಂಬುದ್ ಸುಳ್ಳ್. ಆ ಸುಳ್ಳಿಗೆ ಹೆದ್ರಿ ಸಸಿ ಕೀಳ್ಬೇಡಿ. ಆರೆ ನಿಂತ ಜಾಗ ಕುಮ್ಕಿಯೋ ವರ್ಗವೋ ಅಂತ ಮೊದ್ಲ್ ತಿಳ್ಕಣಿ. ವರ್ಗದ ಜಾಗದ ಮರಕ್ಕೆ ನೀವ್ ಒಡೆಯರು, ಕುಮ್ಕಿಯದ್ದಕ್ಕೆ ಬರೀ ಬಳಕೆದಾರರು. ಎಷ್ಟೋ ಜಗಳ, ಎಷ್ಟೋ ಕೇಸು ಈ ವ್ಯತ್ಯಾಸ ಗೊತ್ತಿಲ್ದೇ ಆದದ್ದ್.

ಆರ್‌ಟಿಸಿಯಲ್ಲಿ ಯಾರ ಹೆಸ್ರಿತ್ತ್ ಅಂತಲೂ ಒಂದ್ಸಲ ಕಾಣಿ. ಹೆಣ್ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ. ಜಂಟಿ ಹೆಸ್ರಲ್ಲಿ ಜಾಗ ಇದ್ರೆ ಮರಕ್ಕೆ ಅರ್ಜಿ ಹಾಕುವತಿಗೆ ಎಲ್ಲರ ಒಪ್ಪಿಗೆ ಕೇಂತ್ರ್. "ಇಲ್ಲೊಂದ್ ಸಹಿ ಹಾಕ್" ಅಂತ ಅಣ್ಣನೋ ತಮ್ಮನೋ ಕಾಗ್ದ ತಂದ್ರೆ, ಯಾವ ಮರ, ಎಷ್ಟ್ ಮರ, ಎಂತಕ್ ಅಂತ ಕೇಂಡ್ ಸಹಿ ಹಾಕಿ. ಹಾಡಿಯ ಮರ ಲೆಕ್ಕ ಇಟ್ಕಂಡದ್ದ್ ನಮ್ಮ ಅಮ್ಮಮ್ಮಂದಿರು. ಸಹಿ ಹಾಕುವ ಹಕ್ಕು ಅವರಿಗಿರ್ಲಿಲ್ಲೆ. ನಮ್ಗಿತ್ತ್.

ಪಾಲಿನ ಪಂಚಾಯ್ತಿಗೆ ಕೂಕಂಬ ಮನಿಯವ್ರಿಗೆ ಒಂದ್ ಮಾತ್. ಗದ್ದಿ, ಬಾವಿ, ದಾರಿ ಬರ್ದ ಹಾಂಗೆ ಮರವನ್ನೂ ಕಾಗ್ದದಲ್ಲಿ ಬರೀನಿ. ಯಾವ ಮರ ಯಾರ ಪಾಲಿಗೆ, ಹಲ್ಸಿನ ಹಣ್ಣ್ ಇಬ್ರಿಗೂ ಉಂಟಾ, ಬನದ ಮರಕ್ಕೆ ಯಾರೂ ಕೈ ಹಾಕುಕಾಗ ಅಂಬುದ್. ಬನವನ್ನ ಸಿಮೆಂಟ್ ಕಟ್ಟಿ, ಇಂಟರ್‌ಲಾಕ್ ಹಾಕಿ ಚಂದ ಮಾಡುವ ಅಂತ ಮಾತ್ ಬಂದ್ರೆ, ನಾಗನಿಗೆ ನೆರಳು ಬೇಕ್ ಅಂತ ಹೇಳುಕೆ ಮನಿ ಹೆಂಗ್ಸ್ರ್ ಬಾಯಿ ಬಿಡ್ಕ್. ಮನಿ ಕಟ್ಟುವವ್ರ್ ಪ್ಲಾನ್ ಬರ್ಸೂಕೆ ಮೊದ್ಲ್ ಹಿತ್ಲಿನ ಮರವನ್ನ ಇಂಜಿನಿಯರಿಗೆ ತೋರ್ಸಿ. ಎರಡ್ ಅಡಿ ಅತ್ಲಾಗ್ ಇತ್ಲಾಗ್ ಸರ್ಸಿದ್ರೆ ಉಳಿವ ಮರ ಸುಮಾರಿರತ್ತ್. ಕಡೂಕೇ ಬೇಕಾದ್ರೆ ಅರ್ಜಿ ಬರ್ದ್, ಅನುಮತಿ ಕೈಗೆ ಬಂದ ಮೇಲೆ ಮರದವನನ್ನ ಕರೀನಿ. ಕಡ್ದ ಲೆಕ್ಕಕ್ಕೆ ಬದ್ಲ್ ಗಿಡ ನೆಡ್ಕ್ ಅಂತ ಕಾಯ್ದೆಯಲ್ಲೂ ಇತ್ತ್. ನೆಡುವತಿಗೆ ಒಂದಾರೂ ಪಟ್ಟಿಯಲ್ಲಿಲ್ಲದ ಮರ ನೆಡಿ, ಹೆಬ್ಬಲ್ಸೋ, ಸುರ್ಗಿಯೋ, ಮುರ್ಗಲೋ. ಯಾವ ವರ್ಷ ಯಾರ್ ನೆಟ್ಟದ್ದ್ ಅಂತ ಮನಿಯ ಪುಸ್ತಕದಲ್ಲಿ ಒಂದ್ ಗೆರೆ ಬರ್ದಿಡಿ. ನಾಳೆ ಆ ಮರ ಯಾರ್ದ್ ಅಂತ ಮಕ್ಕಳ್ ಕೇಂಡ್ರೆ ತೋರ್ಸೂಕೆ ಆತ್ತ್.